ಹದಿಮೂರು ರೂಪಾಯಿ ಬಾಕಿ ಮತ್ತು ಚರ್ಚಿಲ್ಲರ ಹಸ್ತಾಕ್ಷರ

ಕಾಲೇಜು ಬಿಡುವ ದಿನಗಳಲ್ಲಿ ಗೆಳೆಯರ ಆಟೋಗ್ರಾಫ್ ಪುಸ್ತಕಕ್ಕೆ ಸಹಿ ಹಾಕುವ ಪದ್ಧತಿ ನಿಮಗೆ ಹೊಸದಲ್ಲ. ಪ್ರಸಿದ್ಧರ ಸಹಿಗಳನ್ನು ಸಂಗ್ರಹಿಸುವುದಂತೂ ಜಗತ್ತಿನಾದ್ಯಂತ ಬೆಳೆದ ಹವ್ಯಾಸ. ಅಂಥ ಸಹಿಯ ಬೆಲೆಯನ್ನು ಯಾವುದರಿಂದ ಅಳೆಯುತ್ತಾರೆ? ನಮ್ಮ ನೆರೆಯ ಬೆಂಗಳೂರಿನಲ್ಲಿ ಕೆಲಕಾಲ ಇದ್ದ ವಿನ್‌ಸ್ಟನ್ ಚರ್ಚಿಲ್ಲರ ಉದಾಹರಣೆಯಿಂದ ಇದನ್ನು ತಿಳಿಯೋಣ.

ಬ್ರಿಟನ್ನಿನ ಪ್ರಧಾನಿಯಾಗುವುದಕ್ಕೆ ನಾಲ್ಕು ದಶಕಗಳಿಗೂ ಮೊದಲು, 1896ರಲ್ಲಿ, ಚರ್ಚಿಲ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದರು. ಇಲ್ಲಿ ಪೋಲೋ ಆಡಿದರು, ಗಿಬ್ಬನ್, ಮೆಕಾಲೆಯವರ ಇತಿಹಾಸ ಗ್ರಂಥಗಳನ್ನು ಓದಿದರು, ತಾಯಿಗೆ ಪತ್ರಗಳನ್ನು ಬರೆದರು. 1899ರಲ್ಲಿ ಭಾರತವನ್ನು ಬಿಟ್ಟು ಹೋದರು. ಆ ವರ್ಷದ ಜೂನ್ 1ರ ಬೆಂಗಳೂರು ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ, ಲೆಫ್ಟಿನೆಂಟ್ ಚರ್ಚಿಲ್ಲರ ಹೆಸರಿದೆ. ಬಾಕಿ ಮೊತ್ತ 13 ರೂಪಾಯಿ.

ಈ ಪುಟದಲ್ಲಿರುವುದು ಚರ್ಚಿಲ್ಲರ ಸಹಿಯಲ್ಲ, ಕ್ಲಬ್ಬು ಬರೆದುಕೊಂಡ ಹೆಸರು ಮಾತ್ರ. ಆದರೂ ಕ್ಲಬ್ಬು ಅದನ್ನು ಜೋಪಾನವಾಗಿ ಕಾಪಾಡಿದೆ. ಆ ಪುಟ ಎಲ್ಲಿ, ಎಂದು, ಏಕೆ ಬರೆದದ್ದು ಎಂಬುದರಲ್ಲಿ ಸಂಶಯವಿಲ್ಲದಿರುವುದೇ ಇದಕ್ಕೆ ಕಾರಣ. ಸಂಗ್ರಾಹಕರು ಪ್ರತಿಯೊಂದು ಕಾಗದಕ್ಕೂ ಕೇಳುವ ಪ್ರಶ್ನೆಗಳು ಇವೇ.

ಮೊದಲನೆಯದಾಗಿ, ಬರಹ ಯಾರ ಕೈಯದು ಎಂದು ನೋಡುತ್ತಾರೆ. ನಂತರದ ವರ್ಷಗಳಲ್ಲಿ ಚರ್ಚಿಲ್ ಹೆಚ್ಚಿನ ಪತ್ರಗಳನ್ನು ಕಾರ್ಯದರ್ಶಿಗಳಿಗೆ ಹೇಳಿ ಬರೆಸುತ್ತಿದ್ದರು. ಆದ್ದರಿಂದ ಟೈಪಾದ ಪತ್ರದ ಕೆಳಗಿನ ಸಹಿಗಿಂತ ಪೂರ್ತಿ ಸ್ವಹಸ್ತದಲ್ಲಿ ಬರೆದ ಪತ್ರಕ್ಕೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಹುಟ್ಟುಹಬ್ಬದ ಶುಭಾಶಯಗಳಿಗೆ ಉತ್ತರವಾಗಿ, ತಮ್ಮ ಕೈಬರಹವನ್ನೇ ಅಚ್ಚು ಮಾಡಿಸಿದ ವಂದನಾ ಪತ್ರಗಳನ್ನೂ ಅವರು ಕಳುಹಿಸುತ್ತಿದ್ದರು. ಇವನ್ನು ನಿಜವಾದ ಹಸ್ತಾಕ್ಷರವೆಂದು ನಂಬಿದವರು ಅನೇಕರು. ಭೂತಗನ್ನಡಿ ಹಿಡಿದರೆ ಶಾಯಿ ಕಾಗದಕ್ಕೆ ಇಳಿದ ಗುರುತು, ಲೇಖನಿಯ ಒತ್ತಡದ ಏರಿಳಿತ ಅವುಗಳಲ್ಲಿ ಕಾಣುವುದಿಲ್ಲ.

ಎರಡನೆಯದು ಹೆಸರಿನ ಗೊಂದಲ. ಅದೇ ಕಾಲದಲ್ಲಿ ಅಮೆರಿಕದಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಜನಪ್ರಿಯ ಕಾದಂಬರಿಕಾರರಿದ್ದರು. 1899ರಲ್ಲಿ ಇಬ್ಬರೂ ಪತ್ರ ವ್ಯವಹಾರ ನಡೆಸಿದರು. ಓದುಗರಿಗೆ ಗೊಂದಲವಾಗದಂತೆ ಇಂಗ್ಲೆಂಡಿನ ಚರ್ಚಿಲ್ ತಮ್ಮ ಕೃತಿಗಳಲ್ಲಿ ‘ಸ್ಪೆನ್ಸರ್’ ಎಂಬುದನ್ನೂ ಸೇರಿಸಲು ಒಪ್ಪಿದರು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪತ್ರದಲ್ಲಿರುವ ವಿಷಯ. ಚರ್ಚಿಲ್ಲರ 1945ರವರೆಗಿನ ಕಾಗದಪತ್ರಗಳನ್ನು ಬ್ರಿಟನ್ ದೇಶವು 1995ರಲ್ಲಿ ಲಾಟರಿ ನಿಧಿಯ ಸುಮಾರು 1.25 ಕೋಟಿ ಪೌಂಡ್ ಕೊಟ್ಟು ಉಳಿಸಿಕೊಂಡಿತು. ಸಾರ್ವಜನಿಕ ಹಣವನ್ನು ಹೀಗೆ ವೆಚ್ಚ ಮಾಡಬಹುದೇ ಎಂಬ ವಾದವೂ ಆಗ ಎದ್ದಿತು. ಆ ಸಂಗ್ರಹ ಈಗ ಕೇಂಬ್ರಿಜ್‌ನಲ್ಲಿದೆ. ಹಸ್ತಾಕ್ಷರವನ್ನು ಕಾಪಾಡುವುದೆಂದರೆ ವ್ಯಕ್ತಿಪೂಜೆಯಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಇದೇ ಚರ್ಚಿಲ್. ಅವರ ಹೊಣೆ ಎಷ್ಟೆಂದು ವಿದ್ವಾಂಸರು ವಿಚಾರಿಸಬೇಕಾದರೂ ಮೂಲ ಕಾಗದಗಳೇ ಬೇಕು.

ಈ ಪ್ರಶ್ನೆಗಳನ್ನು ನಮ್ಮ ಊರಿನಲ್ಲಿಯೂ ಕೇಳಬಹುದು. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ಬರೆದರು. ‘ಜೀವನ’ ಪತ್ರಿಕೆಯನ್ನು ಬಹುಕಾಲ ಸಂಪಾದಿಸಿದರು. ಅವರ ಪತ್ರವೊಂದು ಯಾವುದಾದರೂ ಮನೆಯ ಟ್ರಂಕಿನಲ್ಲಿ ಇದ್ದರೆ, ಆ ಕಾವ್ಯನಾಮವನ್ನು ತಿಳಿಯದವರು ಅದನ್ನು ರದ್ದಿ ಕಾಗದದೊಂದಿಗೆ ತೂಕಕ್ಕೆ ಹಾಕಿಬಿಡಬಹುದು.

ಆದ್ದರಿಂದ ಮನೆಯಲ್ಲಿ ಹಳೆಯ ಪತ್ರ ಸಿಕ್ಕರೆ ಸಹಿಯನ್ನಷ್ಟೇ ಕತ್ತರಿಸಿ ಅಂಟಿಸಬೇಡಿ. ಲಕೋಟೆ, ಅಂಚೆ ಮುದ್ರೆ, ತಾರೀಖು ಸಹಿತ ಇಡೀ ಪತ್ರವನ್ನು ತೇವ, ಗೆದ್ದಲು ತಾಗದಂತೆ ಇಡಿ. ಅದು ಯಾರಿಂದ ಯಾರ ಕೈಗೆ ಬಂತೆಂದು ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.