ಗಡಿನಾಡಿನ ಮಗು ಮತ್ತು ಮೊದಲ ಓದು

ಗುಂಡುಮಾಲ್, ಮಕ್ತಲ್, ಗದ್ವಾಲ್ ಸೀಮೆಯ ಕನ್ನಡ ಪಾಲಕರೇ,

ಮನೆಯಲ್ಲಿ ಕನ್ನಡವಾಡುವ ನಿಮ್ಮ ಮಗು ಶಾಲೆಯಲ್ಲಿ ತೆಲುಗನ್ನೂ ಓದಬೇಕಾಗಿರುವುದಕ್ಕೆ ಒಂದು ಚರಿತ್ರೆಯಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದರೂ, ಅವುಗಳಲ್ಲಿದ್ದ ಕೊಡಂಗಲ್, ತಾಂಡೂರು, ಗದ್ವಾಲ್, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸಂದವು. ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯೊಡನೆ ಅಲ್ಲಿಯೇ ಉಳಿದವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳಿತು. 2018ರ ತೆಲಂಗಾಣ ಕಾಯ್ದೆಯು ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು.

ಇದರ ನಡುವೆ ಓದಿನ ಪರೀಕ್ಷೆ ಬಂದಿದೆ. 2022ರ ಮಾರ್ಚಿಯಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಅಧ್ಯಯನವು ಮೂರನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, 20 ಭಾಷೆಗಳಲ್ಲಿ ಅವರ ಓದನ್ನು ಅಳೆಯಿತು. ಧ್ವನಿಯನ್ನು ಗುರುತಿಸುವುದು, ಅಕ್ಷರ ಮತ್ತು ಪದಗಳನ್ನು ಓದುವುದು, ತಡವರಿಸದೆ ಓದಿ ಅರ್ಥ ಗ್ರಹಿಸುವುದು: ಇವೇ ಅಲ್ಲಿನ ಮುಖ್ಯ ಅಂಶಗಳು.

ಮನೆಯ ಕನ್ನಡ ಇದಕ್ಕೆ ಅಡ್ಡಿಯಾದೀತೆಂದು ಅಂಜಬೇಡಿ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಗ, ಜ, ಲ, ಮ ಇಂದಿಗೂ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ರೂಪದವು. ಕ, ತ, ಹ ಮುಂತಾದವು ಬೇರೆಯಾಗಿ ಕಾಣುತ್ತವೆ. ವರ್ಣಮಾಲೆಯ ಕ್ರಮವೂ ಕಾಗುಣಿತದ ರೀತಿಯೂ ಒಂದೇ. ಮಗು ಒಮ್ಮೆ ಕಲಿತ ಧ್ವನಿಯ ನಿಯಮ ಎರಡೂ ಕಡೆ ಒದಗುತ್ತದೆ.

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕಿವಿಗೆ ಕೇಳುವ ಅಕ್ಷರವನ್ನೂ ಕಣ್ಣಿಗೆ ಕಾಣುವ ಅಕ್ಷರವನ್ನೂ ಬೇರ್ಪಡಿಸಿ ನೋಡಿದನು. ಮನೆಯ ಪಾಠಕ್ಕೂ ಆ ವಿವೇಕ ಸಾಕು. ಮೊದಲು ಕಿವಿಗೆ ಕಲಿಸಿರಿ. ‘ಕಮಲ’ ಎನ್ನುತ್ತ ಮೂರು ಚಪ್ಪಾಳೆ ತಟ್ಟಿಸಿ, ಮೊದಲ ಧ್ವನಿ ಯಾವುದೆಂದು ಕೇಳಿರಿ. ‘ಬಲ’, ‘ಬಾಲ’ಗಳ ಭೇದವನ್ನು ಆಡಿಸಿ ತಿಳಿಸಿರಿ. ಬಳಿಕ ಅಕ್ಷರ ತೋರಿಸಿ, ಕ, ಕಾ, ಕಿ, ಕೀ ಎಂದು ಬೆರಳಿಟ್ಟು ಓದಿಸಿರಿ. ಕಂಠಪಾಠದ ಸಾಲನ್ನು ನಡುವಿನಿಂದಲೂ ಕೇಳಿರಿ. ಆಗ ಮಗು ಓದುತ್ತಿದೆಯೋ, ಬರಿಯ ನೆನಪಿನಿಂದ ಒಪ್ಪಿಸುತ್ತಿದೆಯೋ ತಿಳಿಯುತ್ತದೆ. ಅನಂತರ ಅದೇ ಧ್ವನಿಯ ತೆಲುಗು ರೂಪವನ್ನು ಪಕ್ಕದಲ್ಲಿ ಬರೆದು ತೋರಿಸಿರಿ.

ದಿನಕ್ಕೆ ಹತ್ತು ನಿಮಿಷವಾದರೂ ಸರಿಯೆ, ತಪ್ಪಿಸಬೇಡಿ. ಪರೀಕ್ಷೆಯ ಭಯದಿಂದ ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿದರೆ, ಮಗು ಅರ್ಥ ತಿಳಿದಿರುವ ಮಾತನ್ನೇ ಕಳೆದುಕೊಂಡು ಓದಿಗೆ ತೊಡಗಬೇಕಾಗುತ್ತದೆ.