ನಳಿಗೆಯ ನಡುವಣ ಉಬ್ಬು

ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ ತೀರ್ಪುಗಾರನಾಗಿ ಕುಳಿತಾಗ ನಾನು ಮಾಡಿದ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು, ಆಮೇಲೆ ಅದರ ಬೆನ್ನಿಗಿದ್ದ ಚರಿತ್ರೆಯ ಸಂಗತಿಯನ್ನು ಹೇಳುತ್ತೇನೆ. ಕನ್ನಡ ಪಂಡಿತನಿಗೂ ಯುದ್ಧದ ಟ್ಯಾಂಕಿಗೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ನಾನೂ ಅಂದು ಹಾಗೆಯೇ ಎಂದುಕೊಂಡಿದ್ದೆ.

ಭದ್ರಾವತಿಯಿಂದ ದಿನವೂ ಶಿವಮೊಗ್ಗಕ್ಕೆ ಬಂದು ಓದುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ಕಿನ ಟ್ಯಾಂಕೊಂದನ್ನು ಜೋಡಿಸಿ, ಬಣ್ಣ ಬಳಿದು, '1971ರ ಯುದ್ಧದ ಭಾರತೀಯ ಟಿ-55' ಎಂದು ಚೀಟಿ ಅಂಟಿಸಿ ಮೇಜಿನ ಮೇಲೆ ಇಟ್ಟಿದ್ದ. ಅದು ಬಂದ ರಟ್ಟಿನ ಪೆಟ್ಟಿಗೆ ಮೇಜಿನ ಕೆಳಗಿತ್ತು. ಪೆಟ್ಟಿಗೆಯ ಚಿತ್ರವನ್ನೂ ಹುಡುಗನ ಕೆಲಸವನ್ನೂ ಹೋಲಿಸಿ ನೋಡಿದೆ. ಚಿತ್ರದ ಫಿರಂಗಿಯ ನಳಿಗೆ ತುದಿಯ ಹತ್ತಿರ ಮಾತ್ರ ಸ್ವಲ್ಪ ದಪ್ಪಗಿತ್ತು. ಹುಡುಗನ ನಳಿಗೆಗೆ ನಟ್ಟನಡುವೆ, ಇಲಿ ನುಂಗಿದ ಹಾವಿನ ಹೊಟ್ಟೆಯ ಹಾಗೆ, ಒಂದು ಉಬ್ಬಿತ್ತು. ಕೇಳಿದರೆ, "ಅಲ್ಲಿ ಹಾಗೇ ಇತ್ತಂತೆ ಸಾರ್" ಎಂದ. ಯಾರು ಹೇಳಿದರು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. 'ಮೂಲಕ್ಕೆ ಹೊಂದುವುದಿಲ್ಲ' ಎಂದು ಷರಾ ಬರೆದು, ಇಪ್ಪತ್ತೈದರಲ್ಲಿ ನಾಲ್ಕು ಅಂಕ ಕಳೆದು ಮುಂದಿನ ಮೇಜಿಗೆ ಹೋದೆ.

ಈ ಆಟಿಕೆಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇವನ್ನು ಆಟಿಕೆ ಎಂದರೆ ಮಾಡುವವರಿಗೆ ಸಿಟ್ಟು ಬರುತ್ತದೆ. ಉಕ್ಕಿನ ಅಚ್ಚಿಗೆ ಕಾದ ಪಾಲಿಸ್ಟೈರೀನನ್ನು ಒತ್ತಿ ತುಂಬಿ ತೆಗೆದ ನೂರಾರು ಬಿಡಿ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಪೆಟ್ಟಿಗೆಯಲ್ಲಿ ಬರುತ್ತವೆ. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಅಂಟು ಎಂದರೆ ನಮ್ಮ ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ಒಂದಿಷ್ಟು ಕರಗಿಸಿ ಎರಡು ತುಂಡನ್ನು ಒಂದಾಗಿಸುವ ದ್ರಾವಣ. ಟ್ಯಾಂಕುಗಳ ಮಾದರಿಗೆ ಪ್ರಸಿದ್ಧವಾದ ಅಳತೆ ಮೂವತ್ತೈದರಲ್ಲಿ ಒಂದು ಪಾಲು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ, ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕಾಗಿತ್ತು. ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಅಳೆದು ನೋಡಿದರೆ ಮೂವತ್ತೈದರಲ್ಲಿ ಒಂದಾಗಿತ್ತು! ಬ್ಯಾಟರಿಯ ಗಾತ್ರ ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಲೋಕವೆಲ್ಲ ಹಿಡಿಯಿತು. ಫಿರಂಗಿಯೂ ಸೇರಿ 9 ಮೀಟರ್ ಉದ್ದದ ಟಿ-55 ಈ ಲೆಕ್ಕದಲ್ಲಿ 26 ಸೆಂಟಿಮೀಟರಿಗೆ ತುಸು ಕಡಮೆ, ಅಂದರೆ ಒಂದು ಗೇಣು ಮೂರು ಬೆರಳಾಗುತ್ತದೆ.

ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದ ಹಾಗೆ ಜೋಡಿಸುವವರು ಕೆಲವರು. ಕತ್ತರಿಸಿ, ಸೇರಿಸಿ, ಬೇರೊಂದು ವಾಹನವಾಗಿಯೇ ಮಾರ್ಪಡಿಸುವವರು ಇನ್ನು ಕೆಲವರು. ಭಾರತದ ಸೈನ್ಯದ ಟ್ಯಾಂಕೇ ಬೇಕೆಂದರೆ ಸಾಮಾನ್ಯವಾಗಿ ಈ ಎರಡನೆಯ ದಾರಿಯೇ ಗತಿ. ಅಂಗಡಿಯಲ್ಲಿ ಸಿಗುವುದು ರಷ್ಯದ ಟಿ-55. ಭಾರತದ್ದಾಗಬೇಕಾದರೆ ಅದಕ್ಕೆ ಸಂಸ್ಕಾರವಾಗಬೇಕು.

ಪ್ರದರ್ಶನ ಮುಗಿದ ಎರಡನೆಯ ಭಾನುವಾರ ಬೇರೊಂದು ಕೆಲಸಕ್ಕೆ ಭದ್ರಾವತಿಗೆ ಹೋದವನು, ದಾರಿಯಲ್ಲಿ ಸಿಕ್ಕ ಆ ಹುಡುಗನ ಒತ್ತಾಯಕ್ಕೆ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಇಬ್ಬರು ಮುದುಕರು ಕುಳಿತಿದ್ದರು. ಒಬ್ಬರು ಹುಡುಗನ ತಾತ. ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಮರದ ಮಾದರಿ ಮಾಡುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬರು ತಾತನ ತಮ್ಮ, ಸೈನ್ಯದಲ್ಲಿದ್ದವರು.

ತಾತ ಮೊದಲು ಮಾತಿಗೆ ತೊಡಗಿದರು. 1923ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲಿ ಇದ್ದಿಲಿನ ಕುಲುಮೆ ಹೊತ್ತಿ ಕಬ್ಬಿಣ ಹರಿದಂದಿನಿಂದ, ಈ ಊರಿನಲ್ಲಿ ಮರದ ಮಾದರಿಗೆ ಮರ್ಯಾದೆಯುಂಟು. ಎರಕದ ಕಬ್ಬಿಣ ಆರುವಾಗ ಕುಗ್ಗುತ್ತದೆ, ಅಡಿಗೆ ಸುಮಾರು ಒಂದು ಇಂಚಿನ ಎಂಟನೆಯ ಒಂದು ಪಾಲು. ಆದ್ದರಿಂದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಅದಕ್ಕೆಂದೇ ಗೆರೆಗಳು ಹಿಗ್ಗಿದ ಬೇರೆ ಅಳತೆಪಟ್ಟಿ ಉಂಟು. "ನಮ್ಮಲ್ಲಿ ಮಾದರಿ ಮೊದಲು, ವಸ್ತು ಆಮೇಲೆ. ಇವನದು ತಿರುಗುಮುರುಗು" ಎಂದು ನಕ್ಕರು. ನಳಿಗೆಯ ಉಬ್ಬು ಹುಡುಗನಿಗೆ ಮೊದಲ ಸಲ ಸಾಧಿಸಲಿಲ್ಲವಂತೆ. ಬರೆಯುವ ಕಡ್ಡಿಯ ಕೊಳವೆಯ ತುಂಡೊಂದನ್ನು ತೊಡಿಸಲು ನೋಡಿದ. ಆ ಪ್ಲಾಸ್ಟಿಕ್ಕಿನ ಜಾತಿ ಬೇರೆಯಾದ್ದರಿಂದ ದ್ರಾವಣ ಅದನ್ನು ಮುಟ್ಟಲೂ ಇಲ್ಲ, ತುಂಡು ಜಾರಿ ಬಿತ್ತು. ಕಡೆಗೆ ತಾತನ ಮಾತಿನಂತೆ, ತೆಳುವಾದ ಕಾಗದದ ಪಟ್ಟಿಯನ್ನು ಗೋಂದು ಸವರಿ ಸುತ್ತಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದ.

"ಉಬ್ಬು ಅಲ್ಲಿ ಏಕೆ ಬೇಕಾಯಿತು?" ಎಂದು ನಾನು ಕೇಳಿದೆ. ಅದುವರೆಗೆ ಸುಮ್ಮನಿದ್ದ ತಮ್ಮನವರು ಹೇಳಿದರು: "ನಮ್ಮವರು ನಮ್ಮನ್ನು ಹೊಡೆಯದಿರಲಿ ಅಂತ."

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧ ಮುಗಿಯುತ್ತಲೂ ಸೋವಿಯೆತ್ ದೇಶದವರು ಟಿ-54 ಎಂಬ ಟ್ಯಾಂಕನ್ನು ಕಟ್ಟಿದರು. ಅದನ್ನೇ ತಿದ್ದಿ 1958ರಿಂದ ಟಿ-55 ಮಾಡಿದರು. ಬೋರಲು ಹಾಕಿದ ಬಾಣಲೆಯಂತಹ ಗೋಪುರ, 100 ಮಿಲಿಮೀಟರ್ ಬಾಯಿಯ ಫಿರಂಗಿ, ಒಳಗೆ ನಾಲ್ವರು. 1960ರ ದಶಕದಲ್ಲಿ ನಮ್ಮ ಸೈನ್ಯ ಇವೆರಡನ್ನೂ ಕೊಂಡಿತು. ಆದರೆ ಅದೇ ಟಿ-54ರ ನಕ್ಷೆಯನ್ನು ಸೋವಿಯೆತ್ತಿನವರು ಚೀನಕ್ಕೂ ಕೊಟ್ಟಿದ್ದರು. ಚೀನದವರು 1950ರ ದಶಕದ ಕೊನೆಗೆ ಅದನ್ನು 'ಟೈಪ್ 59' ಎಂಬ ಹೆಸರಿನಲ್ಲಿ ತಾವೇ ಮಾಡತೊಡಗಿದರು. 1965ರ ಯುದ್ಧದಲ್ಲಿ ಅಮೆರಿಕ ಆಯುಧ ಕೊಡುವುದನ್ನು ನಿಲ್ಲಿಸಿದ ಮೇಲೆ ಪಾಕಿಸ್ತಾನ ಚೀನದ ಕಡೆ ತಿರುಗಿತು, ಟೈಪ್ 59ಗಳು ಬಂದವು. ಹೀಗೆ 1971ರ ಡಿಸೆಂಬರಿನಲ್ಲಿ ಗಡಿಯ ಈಚೆಗೂ ಆಚೆಗೂ ಒಂದೇ ತಾಯಿಯ ಮಕ್ಕಳು ಎದುರುಬದುರು ನಿಂತರು. ಲೋಂಗೇವಾಲಾದ ಮರಳಿನಲ್ಲಿ ಸಿಕ್ಕಿಬಿದ್ದ ಪಾಕಿಸ್ತಾನದ ಟ್ಯಾಂಕುಗಳನ್ನು ಸಿನಿಮಾದಲ್ಲಿ ಕಂಡವರು ಕೇಳಿ: ಅಲ್ಲಿಗೆ ಬಂದವುಗಳಲ್ಲಿ ಈ ಟೈಪ್ 59 ಕೂಡ ಇತ್ತು.

ಧೂಳಿನಲ್ಲಿ, ಮುಸ್ಸಂಜೆಯಲ್ಲಿ, ಸಾವಿರ ಮೀಟರಿನಾಚೆ ಕಾಣುವುದು ಆಕಾರ ಮಾತ್ರ. ಬಣ್ಣ ಕಾಣದು, ಬರೆದ ಅಂಕಿ ಕಾಣದು. ಆಗ ನಮ್ಮ ಸೈನ್ಯದವರು ಒಂದು ಉಪಾಯ ಮಾಡಿದರು. ನಮ್ಮಲ್ಲಿದ್ದ ಇಂಗ್ಲೆಂಡಿನ ಸೆಂಚೂರಿಯನ್ ಟ್ಯಾಂಕಿನ ನಳಿಗೆಗೆ ನಡುವೆ ಒಂದು ದಪ್ಪ ಉರುಳೆ ಇರುತ್ತದೆ. ಟಿ-54, ಟಿ-55ಗಳ ನಳಿಗೆಯ ನಡುವೆಯೂ ಅಂಥದೇ ಒಂದು ಸುಳ್ಳು ಉರುಳೆಯನ್ನು ತೊಡಿಸಿದರು. ದೂರದಿಂದ ನೋಡಿದ ನಮ್ಮ ಗುರಿಕಾರನಿಗೆ, ನಡುವೆ ಉಬ್ಬಿದ್ದರೆ ನಮ್ಮದು, ಇಲ್ಲದಿದ್ದರೆ ಅವರದು.

ನಿಜವಾದ ಉರುಳೆಗಾದರೋ ಬೇರೆಯೇ ಕೆಲಸವಿದೆ. ಗುಂಡು ಹಾರಿದ ಕೂಡಲೆ ಮುಂದಿನ ಗುಂಡಿಗಾಗಿ ಫಿರಂಗಿಯ ಹಿಂಬಾಯಿ ತೆರೆಯುತ್ತದೆ. ನಳಿಗೆಯಲ್ಲಿ ಉಳಿದ ವಿಷದ ಹೊಗೆ ಒಳಗಿನವರ ಮುಖಕ್ಕೆ ನುಗ್ಗುತ್ತದೆ. ಅದನ್ನು ತಪ್ಪಿಸಲು ನಳಿಗೆಯ ಸುತ್ತ ಒಂದು ಟೊಳ್ಳು ಕೋಶವಿಟ್ಟು, ಸಣ್ಣ ತೂತುಗಳಿಂದ ನಳಿಗೆಯ ಒಳಗಿಗೆ ಸೇರಿಸಿರುತ್ತಾರೆ. ಗುಂಡು ದಾಟುವಾಗ ಒತ್ತಡದ ಅನಿಲ ಕೋಶದಲ್ಲಿ ತುಂಬಿಕೊಳ್ಳುತ್ತದೆ. ಗುಂಡು ಹೊರಬಿದ್ದ ಮೇಲೆ ಅದೇ ಅನಿಲ ಮುಂದಕ್ಕೆ ಚಿಮ್ಮಿ, ಉಳಿದ ಹೊಗೆಯನ್ನೆಲ್ಲ ಎಳೆದುಕೊಂಡು ಬಾಯಿಯಿಂದ ಆಚೆ ಹೋಗುತ್ತದೆ. ಟಿ-55ರಲ್ಲಿ ಈ ಕೋಶ ನಳಿಗೆಯ ತುದಿಯ ಬಳಿ ಇರುವಂಥದು. ಪೆಟ್ಟಿಗೆಯ ಚಿತ್ರದಲ್ಲಿ ನಾನು ಕಂಡದ್ದು ಅದೇ. ನಡುವೆ ತೊಡಿಸಿದ್ದಕ್ಕೆ ತೂತೂ ಇಲ್ಲ, ಕೆಲಸವೂ ಇಲ್ಲ. ಗುರುತೊಂದೇ ಅದರ ಕೆಲಸ.

ತಮ್ಮನವರು ಆ ಯುದ್ಧದಲ್ಲಿ ಟ್ಯಾಂಕಿನೊಳಗೆ ಗುಂಡು ತುಂಬುವವರಾಗಿದ್ದರು. ಒಂದೊಂದು ಗುಂಡು ಹತ್ತಿರ ಹತ್ತಿರ 30 ಕಿಲೋ. "ನನಗೆ ಹೊರಗಿನದು ಏನೂ ಕಾಣುತ್ತಿರಲಿಲ್ಲ ಮೇಷ್ಟ್ರೇ. ಎದುರಿಗೆ ಬರುವವನ ಭಯ ಒಂದು ತೂಕವಾದರೆ, ಪಕ್ಕದ ಗುಡ್ಡೆಯಿಂದ ನಮ್ಮವನೇ ನೋಡಿ ಏನೆಂದುಕೊಳ್ಳುತ್ತಾನೋ ಎನ್ನುವುದು ಇನ್ನೊಂದು ತೂಕ. ಆ ಡಬ್ಬಿಯನ್ನು ದಿನಾ ಬೆಳಿಗ್ಗೆ ಕೈಯಿಂದ ಅಲುಗಿಸಿ ನೋಡುತ್ತಿದ್ದೆ, ಸಡಿಲವಾಗಿದೆಯೋ ಏನೋ ಅಂತ." ಆಗ ನಾನು ತೊಟ್ಟಿಲ ಕೂಸು. ಐವತ್ತು ವರ್ಷಕ್ಕೂ ಹಿಂದಿನ ಆ ಅಲುಗಿಸುವಿಕೆಯನ್ನು ಅವರ ಕೈ ನನ್ನ ಮುಂದೆ ಗಾಳಿಯಲ್ಲಿ ಇನ್ನೊಮ್ಮೆ ಮಾಡಿತು. ನಾಲ್ಕು ಅಂಕ ಕಳೆದದ್ದು ಅದಕ್ಕೆ.

ನನಗೆ ಹೆಚ್ಚು ನಾಚಿಕೆಯಾದದ್ದು ನನ್ನ ವಿದ್ಯೆಯ ಕಡೆಯಿಂದ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಗ್ರಂಥ ಪರಿಷ್ಕರಿಸುವವರು ನಮಗೆ ಕಲಿಸಿದ ಸೂತ್ರವೊಂದಿದೆ: ಎರಡು ಪಾಠಾಂತರಗಳಲ್ಲಿ ಸುಲಭವಾದದ್ದನ್ನು ಶಂಕಿಸು, ಕಠಿನವಾದದ್ದನ್ನು ಗೌರವಿಸು. ಲಿಪಿಕಾರ ತಪ್ಪಿದರೆ ಸಾಮಾನ್ಯವಾಗಿ ತನಗೆ ಗೊತ್ತಿರುವ ಪದದ ಕಡೆಗೆ ತಪ್ಪುತ್ತಾನೆ. ವಿಚಿತ್ರವಾದ ಪದವನ್ನು ಸುಮ್ಮಸುಮ್ಮನೆ ಹುಟ್ಟಿಸುವುದಿಲ್ಲ. ಪೆಟ್ಟಿಗೆಯ ಚಿತ್ರ ಕಣ್ಣೆದುರಿಗೇ ಇರುವಾಗ, ಕಾಗದ ಸುತ್ತಿ, ಒಣಗಿಸಿ, ಉಜ್ಜಿ, ಒಬ್ಬ ಹುಡುಗ ಇಲ್ಲದ ಉಬ್ಬನ್ನು ಏಕೆ ಮಾಡಿಯಾನು? ಅದನ್ನು ಪ್ರಕ್ಷಿಪ್ತವೆಂದು ಹೊಡೆದುಹಾಕಿದೆ. ಪೆಟ್ಟಿಗೆಯ ಮೇಲೆ ಅಚ್ಚಾದದ್ದನ್ನು ಮೂಲವೆಂದುಕೊಂಡೆ. ಮೂಲ ಜಗಲಿಯ ಮೇಲೆ ಕುಳಿತಿತ್ತು.

ಆಕಾರವನ್ನು ಬದಲಿಸುವುದು ಸೈನ್ಯಕ್ಕೇನೂ ಹೊಸದಲ್ಲ, ನಿಮ್ಮ ಕೊಡಗಿನ ತಿಮ್ಮಯ್ಯನವರೇ ಮಾಡಿಸಲಿಲ್ಲವೇ ಎಂದು ತಮ್ಮನವರು ನೆನಪಿಸಿದರು. 1948ರ ಶರತ್ಕಾಲದಲ್ಲಿ ಲಡಾಖಿನ ದಾರಿ ಜೋಜಿಲಾ ಕಣಿವೆಯಲ್ಲಿ ಮುಚ್ಚಿಹೋಗಿತ್ತು. ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿಗೂ ಮೇಲೆ ಶತ್ರುಗಳು ಬಂಡೆಗಳ ಮರೆಯಲ್ಲಿದ್ದರು. ಅಲ್ಲಿಗೆ ಟ್ಯಾಂಕು ತರುವುದೆಂದು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ನಿಶ್ಚಯಿಸಿದರು. ಏಳನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ತರುವಾಗ ಗೋಪುರಗಳನ್ನು ಕಳಚಿ ಬೇರೆ ಸಾಗಿಸಿದರು, ಮೇಲೆ ಟಾರ್ಪಾಲು ಹೊದಿಸಿದರು. ದುರ್ಬಲವಾದ ಸೇತುವೆಗಳಿಗೆ ಭಾರ ಕಡಮೆಯಾಯಿತು, ನೋಡಿದವರಿಗೆ ಟ್ಯಾಂಕೆಂದು ತಿಳಿಯದೆಯೂ ಹೋಯಿತು. ಬಾಲ್ಟಾಲಿನಿಂದ ಮೇಲಕ್ಕಿದ್ದ ಹೇಸರಗತ್ತೆಯ ಜಾಡನ್ನು ಟ್ಯಾಂಕು ಹತ್ತುವ ದಾರಿಯಾಗಿ ಕಡಿದು ಕೊಟ್ಟವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಅವರ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ. ನವೆಂಬರ್ 1ರಂದು ಹಿಮದ ನಡುವೆ ಗೋಪುರ ಸಹಿತವಾದ ಟ್ಯಾಂಕುಗಳು ಕಣಿವೆಯಲ್ಲಿ ಕಾಣಿಸಿಕೊಂಡವು. ಅಷ್ಟು ಎತ್ತರದಲ್ಲಿ ಅದನ್ನು ಯಾರೂ ಎಣಿಸಿರಲಿಲ್ಲ. ಅದೇ ತಿಂಗಳಲ್ಲಿ ಕಾರ್ಗಿಲ್ ಕೈಗೆ ಬಂತು.

ಜೋಜಿಲಾದಲ್ಲಿ ಟ್ಯಾಂಕು ಟ್ಯಾಂಕಲ್ಲವೆಂದು ತೋರಬೇಕಾಗಿತ್ತು. 1971ರಲ್ಲಿ ಟ್ಯಾಂಕು ತಾನು ಯಾರ ಟ್ಯಾಂಕೆಂದು ತೋರಬೇಕಾಗಿತ್ತು. ಮಾರ್ಪಾಟಿನ ಕಥೆಗಳು ಇನ್ನೂ ಇವೆ. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಫೋರ್ಡ್ ಚಾಸಿಯ ಮೇಲೆ ಟಾಟಾ ಉಕ್ಕಿನ ಕವಚ ಹೊದಿಸಿ ನಮ್ಮ ದೇಶದಲ್ಲೇ ಶಸ್ತ್ರವಾಹನಗಳನ್ನು ಸಾವಿರಗಟ್ಟಲೆ ಮಾಡಿದರು; ಮುಂದೆ ಆವಡಿಯ ವಿಜಯಂತ ಟ್ಯಾಂಕಿನ ಗೋಪುರ ತೆಗೆದು ರಷ್ಯದ 130 ಮಿಲಿಮೀಟರ್ ತೋಪನ್ನು ಕೂರಿಸಿ 'ಕ್ಯಾಟಪಲ್ಟ್' ಎಂದರು. ನಮ್ಮ ಟಿ-55ಗಳಿಗಾದದ್ದು ಮಾತ್ರ ತಮಾಷೆಯಾಗಿದೆ. ಯುದ್ಧವಾದ ಮೇಲೆ ಅವುಗಳಲ್ಲಿ ಬಹಳಷ್ಟಕ್ಕೆ 100 ಮಿಲಿಮೀಟರಿನ ಹಳೆಯ ಫಿರಂಗಿ ತೆಗೆದು 105 ಮಿಲಿಮೀಟರಿನದನ್ನು ಹಾಕಿದರು. ಆ ಫಿರಂಗಿಗೆ ಹೊಗೆಯ ಕೋಶ ಇರುವುದು ನಳಿಗೆಯ ನಡುವಿನಲ್ಲೇ! ವೇಷಕ್ಕೆಂದು ಕಟ್ಟಿಕೊಂಡ ಮೀಸೆ ಕಾಲಕ್ರಮದಲ್ಲಿ ನಿಜವಾಗಿಯೇ ಬೆಳೆದಂತಾಯಿತು.

ಈಗ ಆ ಟ್ಯಾಂಕುಗಳು ಸೇವೆಯಿಂದ ನಿವೃತ್ತವಾಗಿ ಅಲ್ಲಲ್ಲಿ ಅಂಗಳಗಳಲ್ಲಿ ನಿಂತಿವೆ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ 'ಸನ್ನಿಸೈಡ್' ಮನೆ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದರ ಅಂಗಳದಲ್ಲಿಯೂ ಒಂದು ಟಿ-55 ಇದೆ. ಮಕ್ಕಳನ್ನು ಕರೆದುಕೊಂಡು ಹೋದವರು, ಅದರ ಮುಂದೆ ನಿಂತು ಪಟ ತೆಗೆಯುವ ಮುನ್ನ, ಉಬ್ಬು ನಳಿಗೆಯ ತುದಿಯಲ್ಲಿದೆಯೋ ನಡುವಿನಲ್ಲಿದೆಯೋ ನೋಡಿ ಬನ್ನಿ.

ಆ ಭಾನುವಾರದ ಬಳಿಕ ಹುಡುಗನೂ ನಾನೂ ಶಾಲೆಯ ಮೈದಾನದಲ್ಲಿ ಒಂದು ಪರೀಕ್ಷೆ ಮಾಡಿದೆವು. ಸಾವಿರ ಮೀಟರನ್ನು ಮೂವತ್ತೈದರಿಂದ ಭಾಗಿಸಿದರೆ ಇಪ್ಪತ್ತೆಂಟೂವರೆ ಮೀಟರಾಗುತ್ತದೆ. ಅಷ್ಟು ದೂರದಲ್ಲಿ ಮಾದರಿಯನ್ನು ಅಡ್ಡಡ್ಡಲಾಗಿ ಇಟ್ಟ. ಬಿದಿರುಕಡ್ಡಿಯಿಂದ ಉಬ್ಬಿಲ್ಲದ ಇನ್ನೊಂದು ನಳಿಗೆ ಮಾಡಿಕೊಂಡಿದ್ದ. ಬಟ್ಟೆಯ ಮರೆಯಲ್ಲಿ ಒಮ್ಮೆ ಇದು, ಒಮ್ಮೆ ಅದು. ಬರಿಗಣ್ಣಿಗೆ ನನಗೆ ಎರಡೂ ಒಂದೇ, ಟ್ಯಾಂಕೆಂಬುದಷ್ಟೇ ತಿಳಿಯಿತು. ವಿಜ್ಞಾನದ ಮೇಷ್ಟರ ದುರ್ಬೀನು ತಂದು ನೋಡಿದೆ. ಗುರಿಕಾರನೂ ಗಾಜಿನ ಮೂಲಕವೇ ನೋಡುತ್ತಾನಷ್ಟೆ. ಹತ್ತು ಸಲದಲ್ಲಿ ಹತ್ತು ಸಲವೂ ಸರಿಯಾಗಿ ಹೇಳಿದೆ. ಕಡೆಯ ಸಲ ದುರ್ಬೀನು ಕೆಳಗಿಟ್ಟು ಬರಿಗಣ್ಣಿನಲ್ಲೇ ಊಹಿಸಿ 'ಅವರದು' ಎಂದೆ. ಹುಡುಗ ಅಲ್ಲಿಂದಲೇ ಕೂಗಿದ, "ನಮ್ಮದು ಸಾರ್!"

ಅಂಕಪಟ್ಟಿ ಅಷ್ಟರಲ್ಲಿ ಕಚೇರಿಗೆ ಹೋಗಿಯಾಗಿತ್ತು. ಹೋಗಿ ತರಿಸಿ, ಕೆಂಪು ಶಾಯಿಯಲ್ಲಿ ನನ್ನ ಷರಾ ಹೊಡೆದು, ನಾಲ್ಕು ಅಂಕ ಸೇರಿಸಿ, ಪಕ್ಕದಲ್ಲಿ ರುಜು ಹಾಕಿದೆ. ಬಹುಮಾನ ಆಗಲೇ ಬೇರೆಯವರ ಪಾಲಾಗಿತ್ತು. ಮಾದರಿಯನ್ನು ಶಾಲೆಗೆ ಕೊಡುವೆಯಾ ಎಂದು ಕೇಳಿದೆ, ಇಲ್ಲವೆಂದ. ಅದು ಈಗ ಭದ್ರಾವತಿಯ ಆ ಮನೆಯಲ್ಲಿ, ಚಿಕ್ಕತಾತನ ಹಾಸಿಗೆಯ ಪಕ್ಕದ ಗೂಡಿನಲ್ಲಿದೆಯಂತೆ. ಮುಟ್ಟಿ ಮುಟ್ಟಿ ಉಬ್ಬಿನ ಬಣ್ಣ ಎದ್ದಿದೆಯೆಂದು, ಎರಡು ಸಲ ಮತ್ತೆ ಬಳಿದನೆಂದು ಹುಡುಗ ಹೇಳಿದ.