ಗ್ರೀನಿಚ್ ವಿಲೇಜಿನ ನೆಲದಡಿ

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಅಂದರೆ ಕವಿಗಳ, ಚಿತ್ರಕಾರರ, ಮನೆ ಬಿಟ್ಟು ಬಂದವರ ಕೇರಿ ಎಂದೇ ನಾವು ಕೇಳಿಕೊಂಡು ಬಂದಿದ್ದೇವೆ. ದುಡ್ಡು ಕೊಟ್ಟರೆ ಗೈಡು ಆ ಕೇರಿಯನ್ನು ನಡೆಸಿಕೊಂಡು ಹೋಗಿ ತೋರಿಸುತ್ತಾನೆ: ಈ ಮನೇಲಿ ಇಂಥ ಕವಿ ಇದ್ದ, ಈ ಅಂಗಡೀಲಿ ಇಂಥವನು ಕುಡಿದು ಬಿದ್ದ. ಎಲ್ಲರ ಕಣ್ಣೂ ಮಹಡಿಯ ಕಿಟಕಿಗಳ ಮೇಲೆ. ಗೆಳೆಯರೆ, ನಾವು ನೆಲ ನೋಡಿಕೊಂಡು ಅದೇ ದಾರಿ ನಡೆಯೋಣ.

ಮೊದಲು ವಾಷಿಂಗ್ಟನ್ ಚೌಕ. ಅಲ್ಲೊಂದು ಅಮೃತಶಿಲೆಯ ಕಮಾನು. 1917ರ ಜನವರಿಯ ಒಂದು ರಾತ್ರಿ ಜಾನ್ ಸ್ಲೋನ್, ಮಾರ್ಸೆಲ್ ದ್ಯೂಶಾಂಪ್ ಮೊದಲಾದವರು ಅದರ ಮೇಲೆ ಹತ್ತಿ, ಈ ಕೇರಿ ಇನ್ನು ಸ್ವತಂತ್ರ ಗಣರಾಜ್ಯ ಎಂದು ಸಾರಿದರು. ಚೆಂದದ ತಮಾಷೆ, ನಮಗೂ ಇಷ್ಟವೇ. ಆದರೆ ಕೆಳಗೆ ಏನಿತ್ತು? 1797ರಿಂದ 1825ರವರೆಗೆ ಅದು ದಿಕ್ಕಿಲ್ಲದವರ ಮಸಣ. ಸುಮಾರು ಇಪ್ಪತ್ತು ಸಾವಿರ ಹೆಣಗಳು ಇನ್ನೂ ಅಲ್ಲೇ ಇವೆಯೆಂದು ಅಂದಾಜು. ಅವುಗಳ ಮೇಲೆ ಮೊದಲು ಸಿಪಾಯಿಗಳ ಕವಾಯತು ನಡೆಯಿತು, ಆಮೇಲೆ ಉದ್ಯಾನ ಬಂತು.

ಇನ್ನೂ ಹಿಂದಕ್ಕೆ ಹೋಗಬೇಕು. ಲೆನಾಪೆ ಜನರ ಈ ನೆಲವನ್ನು ಡಚ್ಚರು ಹಿಡಿದಿದ್ದ ಕಾಲ. 1644ರಲ್ಲಿ ಹನ್ನೊಂದು ಮಂದಿ ಕರಿಯ ಗುಲಾಮರು ಬಿಡುಗಡೆ ಕೇಳಿ ಅರ್ಜಿ ಹಾಕಿದರು. ಡಚ್ ಕಂಪನಿ ಅವರನ್ನೂ ಅವರ ಹೆಂಡಂದಿರನ್ನೂ ಬಿಟ್ಟಿತು. ಊರ ಹೊರಗೆ, ಈಗಿನ ಚೌಕದ ಆಸುಪಾಸಿನಲ್ಲಿ ಕರಿಯರಿಗೆ ಭೂಮಿಯನ್ನೂ ಕೊಟ್ಟಿತು. ಪುಕ್ಕಟೆ ಅಲ್ಲ. ಒಬ್ಬೊಬ್ಬರೂ ವರ್ಷಾ ವರ್ಷಾ ದವಸ ಅಳೆಯಬೇಕು, ಕೊಬ್ಬಿದ ಹಂದಿಯೊಂದನ್ನು ಒಪ್ಪಿಸಬೇಕು, ಕರೆದಾಗ ಕೆಲಸಕ್ಕೆ ಬರಬೇಕು. ಮಕ್ಕಳು? ಹುಟ್ಟಿದವರೂ ಹುಟ್ಟಲಿರುವವರೂ ಕಂಪನಿಯ ಗುಲಾಮರೇ. ಚರಿತ್ರೆಕಾರರು ಇದನ್ನು ಅರೆ ಬಿಡುಗಡೆ ಅಂತಾರೆ. ಅಪ್ಪನ ಸಾಲಕ್ಕೆ ಮಗ ದುಡಿದದ್ದನ್ನು ಕಂಡ ನಮಗೆ ಇದಕ್ಕೆ ಬೇರೆ ಹೆಸರು ಗೊತ್ತು. ಭೂಮಿ ಕೊಟ್ಟದ್ದು ಯಾಕೆ ಅಂತೀರೋ? ಆಗ ಮೂಲನಿವಾಸಿಗಳೊಡನೆ ಯುದ್ಧ ನಡೆದಿತ್ತು. ಬಿಳಿಯರ ಊರಿಗೂ ಅವರಿಗೂ ನಡುವೆ ಬೇಲಿಯಾಗಲು ಕರಿಯರು ಬೇಕಾಗಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಮಿನೆಟ್ಟಾ ಓಣಿಯ ಸುತ್ತ ಮತ್ತೆ ಕರಿಯರ ಕೇರಿ ಇತ್ತು. ಅವರು ಚದುರಿದರು, ಇಟಲಿಯ ಬಡವರು ಬಂದರು. ಅಗ್ಗದ ಬಾಡಿಗೆ ನೋಡಿ ಬಂದ ಕಲಾವಿದರು ಕೊನೆಯವರು.

ಚೌಕದಿಂದ ನಾಲ್ಕು ಹೆಜ್ಜೆ ಮೂಡಲಿಗೆ, ಗ್ರೀನ್ ಬೀದಿಯ ಮೂಲೆಯಲ್ಲಿ ಹತ್ತು ಅಂತಸ್ತಿನ ಕಟ್ಟಡ. ಮೇಲಿನ ಮೂರರಲ್ಲಿ ಹೆಂಗಸರ ಕುಪ್ಪಸ ಹೊಲಿಯುವ ಟ್ರಯಾಂಗಲ್ ಕಾರ್ಖಾನೆ ಇತ್ತು. 1911ರ ಮಾರ್ಚ್ 25, ಶನಿವಾರ ಸಂಜೆ, ಬೆಂಕಿ ಬಿತ್ತು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ. ಹುಡುಗಿಯರು ಬಟ್ಟೆ ಕದ್ದುಕೊಂಡು ಹೋದಾರೆಂಬ ಗುಮಾನಿ. ಅಗ್ನಿಶಾಮಕದವರ ಏಣಿ ಮುಟ್ಟಿದ್ದು ಆರನೆಯ ಅಂತಸ್ತಿನವರೆಗೆ. ಸತ್ತವರು 146 ಮಂದಿ. ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದ ಯಹೂದಿ, ಇಟಲಿ ಹೆಣ್ಣುಮಕ್ಕಳು. ಎರಡು ವರ್ಷದ ಹಿಂದೆ ಅಲ್ಲಿನ ಹೆಣ್ಣುಗಳೇ ಮುಷ್ಕರ ಹೂಡಿದ್ದರು. ಧಣಿಗಳಿಬ್ಬರೂ ಅದೇ ಡಿಸೆಂಬರಿನಲ್ಲಿ ಖುಲಾಸೆಯಾದರು. ಅಂಬೇಡ್ಕರ್ ಕೊಲಂಬಿಯಾದಲ್ಲಿ ಓದಲು ಈ ಊರಿಗೆ ಬಂದದ್ದು 1913ರಲ್ಲಿ. ಆಗಿನ್ನೂ ಸತ್ತವರ ಮನೆಯವರ ದಾವೆಗಳು ತೀರಿರಲಿಲ್ಲ. 1914ರಲ್ಲಿ ತೀರಿದಾಗ ಒಂದು ಜೀವಕ್ಕೆ ಸಿಕ್ಕಿದ್ದು 75 ಡಾಲರ್.

ಆ ಗೋಡೆಗೆ ಸ್ಮಾರಕ ಏರಿದ್ದು 2023ರಲ್ಲಿ. ಸತ್ತವರ ಹೆಸರನ್ನು ತಲೆಯ ಮೇಲಿನ ಉಕ್ಕಿನ ಪಟ್ಟಿಯಲ್ಲಿ ಕೊರೆದಿದ್ದಾರೆ. ಕೆಳಗೆ ಸೊಂಟದ ಮಟ್ಟಕ್ಕೆ ಕಪ್ಪು ಫಲಕ. ತಲೆ ಬಗ್ಗಿಸಿ ನೋಡಿದರೆ ಅದರಲ್ಲಿ ಹೆಸರುಗಳು ಕಾಣುತ್ತವೆ.